ಬೇರಿನ ತುದಿಯಲ್ಲಿ ಸಿಸ್ಟ್ ಇದೆ ಎಂದಿದ್ದಾರೆ: ಹಲ್ಲು ಕೀಳಿಸಬೇಕೋ, ರೂಟ್ ಕೆನಾಲ್ ಸಾಕೋ?

ನವನಗರದ ಮಾಸ್ತರ, ಬಾಗಲಕೋಟೆ (ಪ್ರಶ್ನೆ)

ನಾನು ಪ್ರೌಢಶಾಲೆಯೊಂದರಲ್ಲಿ ಶಿಕ್ಷಕ, ವಯಸ್ಸು 36. ಎರಡು ವಾರಗಳ ಹಿಂದೆ ಮೇಲ್ದವಡೆಯ ಬಲಗಡೆಯ ಕೋರೆಹಲ್ಲಿನ ಹುಳುಕು ತುಂಬಿಸಿಕೊಳ್ಳಲು ದಂತವೈದ್ಯರ ಬಳಿ ಹೋಗಿದ್ದೆ. ಅವರು ತೆಗೆದ ಸಣ್ಣ ಎಕ್ಸ್‌ರೇಯಲ್ಲಿ ಕೋರೆಹಲ್ಲಿಗಿಂತ ಅದರ ಪಕ್ಕದ ಮುಂದಿನ ಹಲ್ಲೇ ಅವರ ಗಮನ ಸೆಳೆಯಿತು. ಆ ಹಲ್ಲಿನ ಬೇರಿನ ತುದಿಗೆ ಅಂಟಿಕೊಂಡಂತೆ ದುಂಡನೆಯ ಕಪ್ಪು ಕಲೆಯೊಂದು, ಅದರ ಸುತ್ತ ಪೆನ್ಸಿಲಿನಿಂದ ಎಳೆದಂತಹ ತೆಳ್ಳನೆಯ ಬಿಳಿ ಗೆರೆ ಕಾಣುತ್ತಿತ್ತು. ಅಳೆದಾಗ ಅಡ್ಡಳತೆ 12 ಮಿಲಿಮೀಟರ್ ಬಂದಿತು. "ಇದು ಸಿಸ್ಟ್, ಹಲ್ಲು ಕಿತ್ತು ಒಳಗಿನದನ್ನು ಕೆರೆದು ತೆಗೆಯಬೇಕು" ಎಂದು ಅವರು ಹೇಳಿದರು. ಎರಡನೆಯ ಅಭಿಪ್ರಾಯಕ್ಕೆಂದು ಹೋದಲ್ಲಿ ಇನ್ನೊಬ್ಬರು ಅದೇ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮೊದಲು ರೂಟ್ ಕೆನಾಲ್ ಮಾಡಿ ಕೆಲವು ತಿಂಗಳು ಕಾಯೋಣ, ಮಿಕ್ಕದ್ದನ್ನು ಆಮೇಲೆ ಯೋಚಿಸೋಣ ಎಂದರು.

ನನಗೆ ನೋವಿಲ್ಲ. ಕಡಕ್ ರೊಟ್ಟಿ ಕಚ್ಚಿದಾಗ ಮಾತ್ರ ಆ ಹಲ್ಲು ಪಕ್ಕದವುಗಳಿಗಿಂತ ಸ್ವಲ್ಪ ಎತ್ತರವಾಗಿದೆಯೇನೋ ಎನ್ನಿಸುವ ಮಂದವಾದ ಒತ್ತಡ ಇರುತ್ತದೆ. ಒಂಬತ್ತನೆಯ ತರಗತಿಯಲ್ಲಿದ್ದಾಗ ಸೈಕಲ್ಲಿನಿಂದ ಬಿದ್ದು ತುಟಿ ಹರಿದು ಹೊಲಿಗೆ ಹಾಕಿಸಿಕೊಂಡಿದ್ದೆ. ಆಗ ಈ ಹಲ್ಲು ಅಲುಗಾಡಿ, ತಿಂಗಳೊಪ್ಪತ್ತಿನಲ್ಲಿ ತಾನೇ ಗಟ್ಟಿಯಾಯಿತು. ಆಮೇಲೆ ಅದರ ಬಣ್ಣ ನಿಧಾನವಾಗಿ ಬೂದಿಗೆ ತಿರುಗಿತು. ನಮ್ಮೂರಿನ ಬೋರ್‌ವೆಲ್ ನೀರು ಹಲ್ಲಿಗೆ ಕಲೆ ಹಚ್ಚುತ್ತದೆ ಎಂದು ಮನೆಯವರು ಸಮಾಧಾನ ಹೇಳಿದ್ದರು.

ಒಂದೇ ಚಿತ್ರ ನೋಡಿ ಇಬ್ಬರು ಎರಡು ಮಾತು ಹೇಳುವುದು ಹೇಗೆ? ಸಿಸ್ಟ್ ಎಂಬುದು ಚೀಲವಾದರೆ, ಬೇರಿನೊಳಗೆ ಔಷಧ ಹಾಕಿದರೆ ಎಲುಬಿನೊಳಗಿನ ಚೀಲ ಹೇಗೆ ಮಾಯುತ್ತದೆ? ತಿಳಿದವರು ವಿವರಿಸಬೇಕಾಗಿ ಕೋರುತ್ತೇನೆ.

ಬೇರು ವೈದ್ಯ, ಬೆಳಗಾವಿ

ಸೈಕಲ್ಲಿನಿಂದ ಬಿದ್ದ ಸಂಗತಿಯನ್ನು ನೀವು ಬರೆಯದೇ ಇದ್ದಿದ್ದರೆ ನಾನು ಅದನ್ನೇ ಮೊದಲು ಕೇಳುತ್ತಿದ್ದೆ. ನಾನು ಇಪ್ಪತ್ತು ವರ್ಷಗಳಿಂದ ರೂಟ್ ಕೆನಾಲ್ ಚಿಕಿತ್ಸೆಯನ್ನೇ ಮಾಡುತ್ತಿರುವವನು. ನಿಮ್ಮ ಬಾಯಿಯನ್ನು ನೋಡದೆ ನಿರ್ಣಯ ಕೊಡಲಾರೆ. ಆದರೆ ನಿರ್ಣಯಕ್ಕೆ ಬರುವ ದಾರಿಯನ್ನು ಹೇಳಬಲ್ಲೆ.

ಮೊದಲು ಬೋರ್‌ವೆಲ್ ನೀರಿನ ಮಾತು. ನಮ್ಮ ಜಿಲ್ಲೆಗಳ ಕೆಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ನಿಜ, ಅದರಿಂದ ಹಲ್ಲಿಗೆ ಕಂದು ಕಲೆ ಬರುವುದೂ ನಿಜ. ಆದರೆ ಫ್ಲೋರೈಡಿನ ಕಲೆ ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಮೂಡುವಂಥದ್ದು, ಎಡಬಲ ಎರಡೂ ಕಡೆಯ ಜೋಡಿ ಹಲ್ಲುಗಳಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಕಾಣುವಂಥದ್ದು. ಪೆಟ್ಟು ಬಿದ್ದ ಒಂದೇ ಹಲ್ಲು ವರ್ಷಗಳ ಮೇಲೆ ಬೂದುಬಣ್ಣಕ್ಕೆ ತಿರುಗಿದರೆ ಅದು ನೀರಿನ ದೋಷವಲ್ಲ, ಒಳಗಿನ ತಿರುಳು ಸತ್ತಿರುವುದರ ಸೂಚನೆ. ಈ ಎರಡನ್ನು ಒಂದೆಂದು ತಿಳಿದು ವರ್ಷಗಟ್ಟಲೆ ಸುಮ್ಮನಿದ್ದವರನ್ನು ನಾನು ಹಲವು ಬಾರಿ ಕಂಡಿದ್ದೇನೆ.

ತಿರುಳು ಸತ್ತ ಮೇಲೆ ಬೇರಿನ ಕಾಲುವೆಯಲ್ಲಿ ಬ್ಯಾಕ್ಟೀರಿಯಾ ನೆಲೆಸುತ್ತವೆ. ಅಲ್ಲಿಗೆ ರಕ್ತವೇ ಹರಿಯುವುದಿಲ್ಲವಾದ್ದರಿಂದ ದೇಹದ ರಕ್ಷಣಾ ಕಣಗಳಾಗಲಿ ನೀವು ನುಂಗಿದ ಮಾತ್ರೆಯಾಗಲಿ ಅವುಗಳನ್ನು ತಲುಪಲಾರವು. ಅವುಗಳ ವಿಷ ಬೇರಿನ ತುದಿಯಿಂದ ಹೊರಗೆ ಜಿನುಗುತ್ತಿರುತ್ತದೆ, ಅದನ್ನು ತಡೆಯಲು ದೇಹ ಅಲ್ಲಿಯ ಎಲುಬನ್ನು ಕರಗಿಸಿ ಉರಿಯೂತದ ಅಂಗಾಂಶದ ಒಂದು ಗಡ್ಡೆ ಕಟ್ಟುತ್ತದೆ. ಇದಕ್ಕೆ ಗ್ರ್ಯಾನ್ಯುಲೋಮಾ ಎನ್ನುತ್ತೇವೆ. ಇನ್ನು ಹಲ್ಲಿನ ಬೇರು ಬೆಳೆಯುವ ಕಾಲದಲ್ಲಿ ಅದರ ಸುತ್ತ ಇದ್ದ ಪದರದ ಚೂರುಪಾರು ಜೀವಕೋಶಗಳು ಜೀವನಪೂರ್ತಿ ಅಲ್ಲಿಯೇ ಮಲಗಿರುತ್ತವೆ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವೈದ್ಯ ಮಾಲಸೆಯ ಹೆಸರಿನಿಂದ ಅವನ್ನು ಕರೆಯುವುದು ವಾಡಿಕೆ. ಉರಿಯೂತ ಅವನ್ನು ಕೆಣಕಿದಾಗ ಅವು ಎಚ್ಚೆತ್ತು ಬೆಳೆದು ಪದರ ಕಟ್ಟುತ್ತವೆ. ನಡುವೆ ಸಿಕ್ಕ ಜೀವಕೋಶಗಳು ಸತ್ತು ಕರಗಿದಾಗ ಪೊಳ್ಳು ಉಂಟಾಗುತ್ತದೆ. ಆ ಪೊಳ್ಳಿನೊಳಗಿನ ದ್ರವ ಹೊರಗಿನದಕ್ಕಿಂತ ಸಾಂದ್ರವಾಗಿರುವುದರಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ವಿಜಯಪುರದ ಒಣದ್ರಾಕ್ಷಿಯನ್ನು ರಾತ್ರಿ ನೀರಿನಲ್ಲಿ ನೆನೆಯಿಟ್ಟರೆ ಬೆಳಗಿನ ಹೊತ್ತಿಗೆ ಸಿಪ್ಪೆ ಬಿಗಿದು ಉಬ್ಬಿರುತ್ತದಲ್ಲ, ಹಾಗೆ. ವ್ಯತ್ಯಾಸವೆಂದರೆ ಇದು ಉಬ್ಬಲು ಒಂದು ರಾತ್ರಿಯಲ್ಲ, ವರ್ಷಗಳೇ ಬೇಕು. ಅಷ್ಟು ನಿಧಾನವಾಗಿ ಒತ್ತುವುದರಿಂದಲೇ ಸುತ್ತಲ ಎಲುಬು ಗಟ್ಟಿಯಾಗಿ ಅಂಚು ಕಟ್ಟಿಕೊಳ್ಳಲು ಸಮಯ ಸಿಗುತ್ತದೆ. ನೀವು ಕಂಡ ಬಿಳಿ ಗೆರೆ ಅದೇ.

ಈಗ ಇಬ್ಬರು ಎರಡು ಮಾತು ಹೇಳಿದ್ದು ಏಕೆ ಎಂಬ ಪ್ರಶ್ನೆ. ಬೇರಿನ ತುದಿಯ ಕಪ್ಪು ಕಲೆ ಗ್ರ್ಯಾನ್ಯುಲೋಮಾ ಆಗಿರಬಹುದು, ಹಳೆಯ ಕೀವುಗಡ್ಡೆ ಆಗಿರಬಹುದು, ಸಿಸ್ಟ್ ಆಗಿರಬಹುದು. ಎಕ್ಸ್‌ರೇ ತೋರಿಸುವುದು ಎಲುಬು ಎಲ್ಲಿ ಇಲ್ಲ ಎಂಬುದನ್ನು ಮಾತ್ರ, ಅಲ್ಲಿ ಏನಿದೆ ಎಂಬುದನ್ನಲ್ಲ. ಕಲೆ ದೊಡ್ಡದಾದಷ್ಟೂ, ಅಂಚು ಸ್ಪಷ್ಟವಾದಷ್ಟೂ ಸಿಸ್ಟ್ ಇರುವ ಸಂಭವ ಹೆಚ್ಚುತ್ತದೆ. ಸಂಭವ ಹೆಚ್ಚಾಯಿತೆಂದರೆ ನಿರ್ಣಯವಾಯಿತೆಂದಲ್ಲ. ಆದ್ದರಿಂದ ಚಿತ್ರವನ್ನೇ ನೋಡಿ ಸಿಸ್ಟ್ ಎಂದು ಷರಾ ಬರೆದುಬಿಡುವುದನ್ನು ನಾನು ಒಪ್ಪುವುದಿಲ್ಲ.

ನಾನು ಕೇಳಬಯಸುವುದು ಬೇರೆಯೇ: ಆ ಹಲ್ಲಿಗೆ ಜೀವವಿದೆಯೇ ಎಂದು ಇಬ್ಬರಲ್ಲಿ ಯಾರಾದರೂ ಪರೀಕ್ಷಿಸಿದರೇ? ಹತ್ತಿಯ ಉಂಡೆಗೆ ತಣ್ಣನೆಯ ಸ್ಪ್ರೇ ಹೊಡೆದು ಹಲ್ಲಿನ ಮೇಲಿಟ್ಟು ನೋಡುವುದು, ಸಣ್ಣ ವಿದ್ಯುತ್ ಪ್ರವಾಹ ಕೊಟ್ಟು ನೋಡುವುದು, ಇವು ಐದು ನಿಮಿಷದ ಕೆಲಸ. ಮೊದಲು ಎದುರು ಬದಿಯ ಆರೋಗ್ಯವಂತ ಹಲ್ಲಿನ ಮೇಲೆ ಮಾಡಿ ರೋಗಿಗೆ ಆ ಚಳುಕಿನ ಪರಿಚಯ ಮಾಡಿಸಿ, ಆಮೇಲೆ ಸಂಶಯದ ಹಲ್ಲಿಗೆ, ಅದರ ಅಕ್ಕಪಕ್ಕದವುಗಳಿಗೆ ಮಾಡಬೇಕು. ಬೇರಿನ ಉರಿಯೂತದಿಂದ ಬರುವ ಸಿಸ್ಟ್ ಸತ್ತ ಹಲ್ಲಿಗೇ ಅಂಟಿರುತ್ತದೆ. ಹಲ್ಲು ಜೀವಂತವಾಗಿ ಸ್ಪಂದಿಸಿದರೆ ನಮ್ಮ ಯೋಚನೆಯೇ ಬೇರೆ ದಿಕ್ಕಿಗೆ ಹೊರಳಬೇಕು: ಮೇಲ್ದವಡೆಯ ನಟ್ಟನಡುವೆ ಬರುವ ನಾಸಾಂಗುಳ ನಾಳದ ಸಿಸ್ಟ್, ಕೆರಾಟೋಸಿಸ್ಟ್ ಎಂಬ ಬೇರೊಂದು ಬಗೆಯ ಚೀಲ, ಅಮೆಲೋಬ್ಲಾಸ್ಟೋಮಾ ಎಂಬ ದವಡೆಯ ಗೆಡ್ಡೆ, ಹೀಗೆ. ಕೆಳದವಡೆಯ ಮುಂದಿನ ಹಲ್ಲುಗಳ ಬೇರುಗಳಲ್ಲಿ, ಹೆಚ್ಚಾಗಿ ನಡುವಯಸ್ಸಿನ ಹೆಂಗಸರಲ್ಲಿ, ಸಿಮೆಂಟಲ್ ಡಿಸ್‌ಪ್ಲೇಸಿಯಾ ಎಂಬ ನಿರುಪದ್ರವಿ ಸ್ಥಿತಿಯೊಂದು ಕಾಣುತ್ತದೆ. ಆರಂಭದ ಹಂತದಲ್ಲಿ ಅದೂ ಇದೇ ರೀತಿಯ ಕಪ್ಪು ಕಲೆ, ಹಲ್ಲುಗಳು ಮಾತ್ರ ಪೂರ್ಣ ಜೀವಂತ. ಜೀವ ಪರೀಕ್ಷೆ ಮಾಡದವರು ಅಂತಹ ಹಲ್ಲಿಗೂ ರೂಟ್ ಕೆನಾಲ್ ಮಾಡಿ ಕೈತೊಳೆದುಕೊಂಡದ್ದುಂಟು.

ನಿಮ್ಮ ಹಲ್ಲು ಸತ್ತಿದೆ ಎಂದು ಖಚಿತವಾದರೆ ಮೊದಲ ಚಿಕಿತ್ಸೆ ರೂಟ್ ಕೆನಾಲ್. ಅದನ್ನು ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆಯಿಂದ ಹಲ್ಲನ್ನು ಉಳಿದ ಬಾಯಿಯಿಂದ ಬೇರ್ಪಡಿಸಿಯೇ ಮಾಡಬೇಕು, ಇಲ್ಲವಾದರೆ ಒಂದು ಕಡೆ ತೊಳೆಯುತ್ತಿರುವಾಗಲೇ ಜೊಲ್ಲಿನ ಬ್ಯಾಕ್ಟೀರಿಯಾ ಇನ್ನೊಂದು ಕಡೆಯಿಂದ ಒಳಗಿಳಿಯುತ್ತವೆ. ಕಾಲುವೆಯನ್ನು ಸೋಡಿಯಂ ಹೈಪೋಕ್ಲೋರೈಟ್ ಎಂಬ ಕ್ರಿಮಿನಾಶಕ ದ್ರವದಿಂದ ಚೆನ್ನಾಗಿ ತೊಳೆದು, ಇಂತಹ ದೊಡ್ಡ ಕಲೆಯಿದ್ದಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ಪೇಸ್ಟ್ ತುಂಬಿ ಎರಡರಿಂದ ನಾಲ್ಕು ವಾರ ಬಿಡುವುದು ನನ್ನ ಪದ್ಧತಿ. ಒಸರುವುದು ನಿಂತು ಕಾಲುವೆ ಒಣಗಿದ ಮೇಲೆ ಗಟ್ಟಾ ಪರ್ಚಾ ಎಂಬ ರಬ್ಬರಿನಂತಹ ವಸ್ತುವಿನಿಂದ ತುಂಬಿ, ಕಾಲುವೆಯ ಬಾಯಿಯನ್ನು ಬಿಗಿಯಾಗಿ ಮುಚ್ಚಬೇಕು. ನಂತರ 6 ತಿಂಗಳಾದ ಮೇಲೆ ಒಮ್ಮೆ, 12 ತಿಂಗಳಾದ ಮೇಲೆ ಒಮ್ಮೆ ಎಕ್ಸ್‌ರೇ ತೆಗೆದು ಹಳೆಯದರೊಂದಿಗೆ ಹೋಲಿಸಬೇಕು. ಒಂದು ವರ್ಷದಲ್ಲಿ ಕಲೆ ಕುಗ್ಗಿದ್ದರೂ ಪೂರ್ತಿ ಹೋಗಿಲ್ಲವೆಂದರೆ ಗಾಬರಿ ಬೇಡ, 4 ವರ್ಷದವರೆಗೆ ಗಮನಿಸುತ್ತ ಕಾಯುವುದಕ್ಕೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳಲ್ಲಿಯೇ ಅವಕಾಶವಿದೆ. ಕುಗ್ಗದೇ ಇದ್ದರೆ, ಬೆಳೆದರೆ, ಮತ್ತೆ ಬಾವು ಬಂದರೆ ಆಗ ಶಸ್ತ್ರಕ್ರಿಯೆ.

ಇನ್ನೊಂದು ವಿಷಯ. ಮೇಲಿನ ಎರಡನೆಯ ಮುಂಬಲ್ಲಿನ ಬೇರು ಹಲವರಲ್ಲಿ ಒಳಗಡೆಗೆ, ಅಂಗುಳದ ಕಡೆಗೆ ವಾಲಿರುತ್ತದೆ. ಕನ್ನಡಿಯಲ್ಲಿ ತುಟಿ ಎತ್ತಿ ನೋಡಿದರೆ ಸಾಲದು, ಆ ಹಲ್ಲಿನ ಹಿಂದೆ ಅಂಗುಳದಲ್ಲಿ ನಾಲಿಗೆಗೆ ಉಬ್ಬು ಸಿಗುತ್ತದೆಯೇ ನೋಡಿ ಬರೆಯಿರಿ.

ಜಮಖಂಡಿ ವ್ಯಾಪಾರಿ

ವೈದ್ಯರ ಮಾತಿಗೆ ಎದುರಾಡುವಷ್ಟು ಓದಿದವನಲ್ಲ, ಆದರೂ ಅನುಭವದ ಮಾತು. ನಮ್ಮ ಕಾಕಾ ಅವರಿಗೆ ಹೀಗೆಯೇ ಆದಾಗ ರೂಟ್ ಕೆನಾಲ್ ಮಾಡಿಸಿ, ಒಂದು ವರ್ಷ ಕಾದು, ಆಮೇಲೆ ಶಸ್ತ್ರಕ್ರಿಯೆಯನ್ನೂ ಮಾಡಿಸಬೇಕಾಯಿತು. ಎರಡು ಕಡೆ ದುಡ್ಡು ಹೋಯಿತು, ಹತ್ತು ಸಲ ರಜೆ ಹಾಕಿದ್ದಾಯಿತು. ಹಲ್ಲು ಕಿತ್ತರೆ ಒಂದೇ ದಿನಕ್ಕೆ ಮುಗಿಯುವ ಕೆಲಸವನ್ನು ಇಷ್ಟು ಎಳೆಯುವುದೇಕೆ? ಒಂದು ಹಲ್ಲು ಹೋದರೆ ಜೀವವೇನೂ ಹೋಗುವುದಿಲ್ಲ.

ವಿಜಯಪುರದ ಮಗಳು

ಮೇಲಿನವರು ಬರೆದದ್ದಕ್ಕೆ ಉತ್ತರವಾಗಿ ನನ್ನ ತಾಯಿಯ ಸಂಗತಿಯನ್ನು ಬರೆಯುತ್ತೇನೆ, ಏಕೆಂದರೆ ಹಲ್ಲು ಕಿತ್ತರೆ ಕೆಲಸ ಮುಗಿಯುತ್ತದೆ ಎಂದೇ ನಾವೂ ನಂಬಿದ್ದೆವು.

ಏಳು ವರ್ಷಗಳ ಹಿಂದೆ, ಅವರಿಗೆ 58 ಆಗಿದ್ದಾಗ, ಕೆಳದವಡೆಯ ಎಡಗಡೆಯ ದವಡೆಹಲ್ಲೊಂದನ್ನು ಒಂದು ದವಾಖಾನೆಯಲ್ಲಿ ಕೀಳಿಸಿದೆವು. ಕೀಳುವ ಮೊದಲು ಎಕ್ಸ್‌ರೇ ತೆಗೆಯಲಿಲ್ಲ. ಬೇರಿನ ತುದಿಗೆ ಮೆತ್ತಗಿನ ಏನೋ ಹರಿದುಕೊಂಡು ಬಂದದ್ದನ್ನು ನಾನೇ ಕಣ್ಣಾರೆ ನೋಡಿದೆ. ಹಲ್ಲಿನ ಜೊತೆ ಅದನ್ನೂ ಟ್ರೇಯಿಂದ ನೇರವಾಗಿ ಕಸದ ಡಬ್ಬಿಗೆ ಹಾಕಿದರು. ಗುಣವಾಯಿತು, ಮರೆತೆವು. ಎರಡು ವರ್ಷಗಳ ಹಿಂದೆ ಹಲ್ಲಿನ ಸೆಟ್ಟು ಎಡಗಡೆ ಒತ್ತುತ್ತದೆ ಎಂದು ಅವ್ವ ಹೇಳತೊಡಗಿದರು. ಸೆಟ್ಟನ್ನು ಎರಡು ಸಲ ತಿದ್ದಿಸಿದೆವು. ಮೂರನೆಯ ಸಲ ಬೇರೆಡೆ ಹೋದಾಗ ಅಲ್ಲಿಯ ವೈದ್ಯೆ ಬೆರಳಿನಿಂದ ದವಡೆಯನ್ನು ಒತ್ತಿ ನೋಡಿದರು. ಮೊಟ್ಟೆಯ ಸಿಪ್ಪೆ ಬಿರಿದಂತೆ ಸಣ್ಣಗೆ ಕರಕರ ಎಂದಿತಂತೆ, ನನ್ನ ಬೆರಳನ್ನೂ ಅಲ್ಲಿಡಿಸಿ ತೋರಿಸಿದರು. ಇಡೀ ದವಡೆಯ ಎಕ್ಸ್‌ರೇಯಲ್ಲಿ ಹಲ್ಲೇ ಇಲ್ಲದ ಜಾಗದಲ್ಲಿ ಎರಡು ರೂಪಾಯಿಯ ನಾಣ್ಯದಷ್ಟು ಕಪ್ಪು ಗುಂಡಿ. ಹಲ್ಲು ಹೋದರೂ ಚೀಲದ ಭಾಗ ಒಳಗೆ ಉಳಿದು ತನ್ನ ಪಾಡಿಗೆ ಬೆಳೆದಿತ್ತು, ಅದಕ್ಕೆ ರೆಸಿಡ್ಯುಯಲ್ ಸಿಸ್ಟ್ ಎಂದು ಹೆಸರಂತೆ.

ಅವ್ವನಿಗೆ ಮಧುಮೇಹವಿರುವುದರಿಂದ ಮೊದಲು ಸಕ್ಕರೆಯನ್ನು ಹತೋಟಿಗೆ ತರಲು ಆರು ವಾರ ಬೇಕಾಯಿತು. ಚೀಲ ಕೆಳದವಡೆಯ ನರದ ಕಾಲುವೆಗೆ ತಾಗಿಕೊಂಡಿದ್ದರಿಂದ ತ್ರಿಆಯಾಮದ ಸ್ಕ್ಯಾನ್ ಮಾಡಿಸಿಯೇ ಶಸ್ತ್ರಕ್ರಿಯೆಗೆ ಇಳಿದರು. ಎಚ್ಚರಿಕೆಯಿಂದ ಮಾಡಿದರೂ ಕೆಳತುಟಿಯ ಎಡಭಾಗ ಮೂರು ತಿಂಗಳು ಜೋಮು ಹಿಡಿದಂತೆಯೇ ಇತ್ತು, ಚಹಾ ಕುಡಿದರೆ ತುಟಿಯಿಂದ ಸೋರಿದ್ದೂ ಅವರಿಗೆ ತಿಳಿಯುತ್ತಿರಲಿಲ್ಲ. ಈಗ ಸರಿಯಾಗಿದ್ದಾರೆ. ಮಾಸ್ತರರು ಕೀಳಿಸುವುದಾದರೂ ಚಿತ್ರ ತೆಗೆಸಿ, ತೆಗೆದದ್ದನ್ನು ಪರೀಕ್ಷೆಗೆ ಕಳಿಸುವಂತೆ ಬಾಯಿಬಿಟ್ಟು ಕೇಳಲಿ.

ಸೂಕ್ಷ್ಮದರ್ಶಕ, ಬೆಳಗಾವಿ

ನಾನು ಓರಲ್ ಪ್ಯಾಥಾಲಜಿಯಲ್ಲಿ, ಅಂದರೆ ಬಾಯಿಯ ಅಂಗಾಂಶ ಪರೀಕ್ಷಿಸಿ ರೋಗ ಗುರುತಿಸುವ ವಿಭಾಗದಲ್ಲಿ ಇರುವವಳು, ಕಸದ ಡಬ್ಬಿಯ ಮಾತು ಓದಿ ಸುಮ್ಮನಿರಲಾಗಲಿಲ್ಲ. ಬೇರಿನ ತುದಿಯಿಂದ ಹೊರಬಂದ ಯಾವುದೇ ಮೃದು ಅಂಗಾಂಶ ಶೇ. 10ರ ಫಾರ್ಮಾಲಿನ್ ತುಂಬಿದ ಬಾಟಲಿಗೆ ಬೀಳಬೇಕು. ಫಾರ್ಮಾಲಿನ್ ಅಂಗಾಂಶದ ಹತ್ತು ಪಟ್ಟಾದರೂ ಇರಬೇಕು. ಸಲೈನಿನಲ್ಲಿ ಹಾಕಿ ಕಳಿಸಿದರೆ ನಮ್ಮ ಕೈಗೆ ಬರುವ ಹೊತ್ತಿಗೆ ಅದು ಕೊಳೆತಿರುತ್ತದೆ. ಹೆಚ್ಚಿನವು ನಿರೀಕ್ಷಿಸಿದಂತೆಯೇ ಗ್ರ್ಯಾನ್ಯುಲೋಮಾ ಅಥವಾ ಸಿಸ್ಟ್ ಆಗಿರುತ್ತವೆ. ಅಪರೂಪಕ್ಕೊಮ್ಮೆ ಅದೇ ಜಾಗದಿಂದ ಬಂದ ತುಣುಕು ಕೆರಾಟೋಸಿಸ್ಟ್ ಎಂದು ತಿಳಿದುಬಂದರೆ ಇಡೀ ಚಿಕಿತ್ಸೆಯೇ ಬದಲಾಗುತ್ತದೆ, ಏಕೆಂದರೆ ಅದು ಮರುಕಳಿಸುವ ಸ್ವಭಾವದ್ದು.

ಚೀಲಕ್ಕೆ ಔಷಧ ಹೇಗೆ ತಾಗುತ್ತದೆ ಎಂಬ ಮಾಸ್ತರರ ಪ್ರಶ್ನೆಗೆ ನಮ್ಮ ವಿಭಾಗದ ಉತ್ತರ ಹೀಗಿದೆ. ಬೇರಿನ ಸಿಸ್ಟುಗಳಲ್ಲಿ ಎರಡು ಬಗೆ. ಒಂದರಲ್ಲಿ ಚೀಲದ ಬಾಯಿ ಬೇರಿನ ಕಾಲುವೆಗೆ ನೇರವಾಗಿ ತೆರೆದುಕೊಂಡಿರುತ್ತದೆ, ಅಂಗಿಯ ಕಿಸೆಯ ಬಾಯಿಯ ಹಾಗೆ. ಅದನ್ನು ಪಾಕೆಟ್ ಸಿಸ್ಟ್ ಎನ್ನುತ್ತಾರೆ. 1980ರಲ್ಲಿ ಸೈಮನ್ ಎಂಬ ಸಂಶೋಧಕರು ಇದನ್ನು ಬೇ ಸಿಸ್ಟ್ ಎಂಬ ಹೆಸರಿನಲ್ಲಿ ವಿವರಿಸಿದ್ದರು. ಇನ್ನೊಂದರಲ್ಲಿ ಚೀಲ ಎಲ್ಲ ಕಡೆಯಿಂದಲೂ ಮುಚ್ಚಿಕೊಂಡಿದ್ದು ಕಾಲುವೆಯೊಂದಿಗೆ ಸಂಪರ್ಕವಿರುವುದಿಲ್ಲ, ಅದು ನಿಜವಾದ ಸಿಸ್ಟ್. ಕಿಸೆಯಂತಹದ್ದು ಕಾಲುವೆಯ ಸೋಂಕನ್ನೇ ನಂಬಿ ಬದುಕಿರುವುದರಿಂದ ಕಾಲುವೆ ಶುದ್ಧವಾದರೆ ಮಾಯುವ ನಿರೀಕ್ಷೆ ಹೆಚ್ಚು. ಮುಚ್ಚಿದ ಚೀಲ ಸ್ವತಂತ್ರವಾಗಿ ಉಳಿದುಕೊಳ್ಳಬಲ್ಲದು ಎಂಬುದು ಹಲವರ ಅಭಿಪ್ರಾಯ. ಸಂಶೋಧಕ ನಾಯರ್ ಮತ್ತು ಸಹೋದ್ಯೋಗಿಗಳು 1996ರಲ್ಲಿ 256 ಹಲ್ಲುಗಳ ಬೇರಿನ ಗಾಯಗಳನ್ನು ಬೇರಿನ ಸಮೇತ ಸಾಲುಸಾಲಾಗಿ ಕತ್ತರಿಸಿ ನೋಡಿದಾಗ ಸಿಸ್ಟುಗಳು ಕೇವಲ ಶೇ. 15ರಷ್ಟಿದ್ದವು: ಮುಚ್ಚಿದವು ಶೇ. 9, ಕಿಸೆಯಂತಹವು ಶೇ. 6. ಅರ್ಧದಷ್ಟು ಗ್ರ್ಯಾನ್ಯುಲೋಮಾ, ಉಳಿದ ಶೇ. 35 ಕೀವುಗಡ್ಡೆ. ಹರಿದ ಚೂರುಗಳನ್ನು ಮಾತ್ರ ನೋಡಿ ಸಿಸ್ಟುಗಳೇ ಹೆಚ್ಚು ಎಂದು ಹೇಳುತ್ತಿದ್ದ ಹಳೆಯ ಅಂಕಿಗಳನ್ನು ಈ ಕೆಲಸ ಅಲುಗಾಡಿಸಿತು.

ಸೂಕ್ಷ್ಮದರ್ಶಕದ ಕೆಳಗೆ ಸಿಸ್ಟಿನ ಗೋಡೆ ನೋಡಲು ಸುಂದರವಾದುದು, ವೃತ್ತಿಯ ಹುಚ್ಚು ಎಂದು ಕ್ಷಮಿಸಿ. ಒಳಮೈಗೆ ಕಮಾನುಗಳಂತೆ ಬಾಗಿ ಹೆಣೆದುಕೊಂಡ ಪದರ, ಅದರ ಕೆಳಗೆ ಉರಿಯೂತದ ಕಣಗಳ ಸಂತೆ. ನಡುನಡುವೆ ಸೂಜಿಯಾಕಾರದ ಖಾಲಿ ಸೀಳುಗಳು ಕಾಣುತ್ತವೆ. ಅವು ಕೊಲೆಸ್ಟರಾಲ್ ಹರಳುಗಳಿದ್ದ ಜಾಗ, ಸಿದ್ಧಪಡಿಸುವಾಗ ಹರಳು ಕರಗಿಹೋಗಿ ಅದರ ಅಚ್ಚು ಮಾತ್ರ ಉಳಿದಿರುತ್ತದೆ.

ಬೇರು ವೈದ್ಯ, ಬೆಳಗಾವಿ

ಜಮಖಂಡಿಯವರ ಆಕ್ಷೇಪದಲ್ಲಿ ನ್ಯಾಯವಿದೆ. ಕೆಲವರಿಗೆ ಎರಡೂ ಬೇಕಾಗುತ್ತದೆ, ಯಾರಿಗೆ ಬೇಕಾಗುತ್ತದೆ ಎಂದು ಮೊದಲೇ ಹೇಳುವ ಸಾಧನ ನಮ್ಮಲ್ಲಿಲ್ಲ. ಆದರೆ ಶಸ್ತ್ರಕ್ರಿಯೆ ಬೇಕಾದಾಗಲೂ ಹಲ್ಲನ್ನು ಉಳಿಸಿಕೊಳ್ಳಬೇಕೆಂದರೆ ರೂಟ್ ಕೆನಾಲ್ ಆಗಿರಲೇಬೇಕು, ಆದ್ದರಿಂದ ಕಾಕಾ ಅವರ ಮೊದಲ ಖರ್ಚು ನೀರಿನಲ್ಲಿ ಹೋಗಿಲ್ಲ. ವಸಡನ್ನು ಬಿಡಿಸಿ, ಎಲುಬಿನಲ್ಲಿ ಕಿಂಡಿ ಮಾಡಿ ಚೀಲವನ್ನು ಇಡಿಯಾಗಿ ಸುಲಿದು ತೆಗೆಯುತ್ತೇವೆ, ಜೊತೆಗೆ ಬೇರಿನ ಕೊನೆಯ 3 ಮಿಲಿಮೀಟರನ್ನು ಕತ್ತರಿಸುತ್ತೇವೆ. ಕಾಲುವೆಯ ಕವಲುಗಳು ಹೆಚ್ಚಾಗಿ ಅಷ್ಟರಲ್ಲೇ ಇರುವುದು ಅದಕ್ಕೆ ಕಾರಣ. ಕತ್ತರಿಸಿದ ತುದಿಯನ್ನು ಎಂಟಿಎ ಎಂಬ ಸಿಮೆಂಟಿನಿಂದ ಮುಚ್ಚುತ್ತೇವೆ. ಚೀಲ ಬಹಳ ದೊಡ್ಡದಾಗಿ ಮೂಗಿನ ಪಕ್ಕದ ಸೈನಸ್ಸಿಗೋ ನರಕ್ಕೋ ತಾಗಿದ್ದರೆ ಒಮ್ಮೆಗೇ ತೆಗೆಯದೆ, ಕಿಂಡಿ ಮಾಡಿ ಒತ್ತಡ ಇಳಿಸಿ ತಿಂಗಳುಗಟ್ಟಲೆ ಕುಗ್ಗಲು ಬಿಡುವುದೂ ಉಂಟು. ಜರ್ಮನಿಯ ಶಸ್ತ್ರವೈದ್ಯ ಪಾರ್ಚ್ 1892ರಲ್ಲೇ ಈ ಉಪಾಯವನ್ನು ಬರೆದಿಟ್ಟಿದ್ದಾರೆ.

ಔಷಧ ಅಂಗಡಿಯಿಂದ ಐದು ದಿನದ ಆಂಟಿಬಯಾಟಿಕ್ ತಂದು ನುಂಗಿ ಗುಣವಾಯಿತೆನ್ನುವವರಿಗೆ ಒಂದು ಮಾತು: ಆಗ ಇಳಿಯುವುದು ಬಾವು, ಕಾಯಿಲೆಯಲ್ಲ. ಮುಖ ಊದಿಕೊಂಡು ಜ್ವರ ಬಂದರೆ ಅದು ಬೇಕು, ತಕ್ಷಣ ವೈದ್ಯರನ್ನೂ ಕಾಣಬೇಕು.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರರಲ್ಲೂ ದಂತ ಮಹಾವಿದ್ಯಾಲಯಗಳಿವೆ. ಪರೀಕ್ಷೆ, ಸ್ಕ್ಯಾನ್, ಬಯಾಪ್ಸಿಗಳನ್ನು ಒಂದೇ ಸೂರಿನಡಿ ಕೇಳಬೇಕೆಂದರೆ ಹತ್ತಿರದ್ದಕ್ಕೆ ಹೋಗಬಹುದು.

ನವನಗರದ ಮಾಸ್ತರ, ಬಾಗಲಕೋಟೆ

ಎಲ್ಲರಿಗೂ ವಂದನೆಗಳು. ತಡವಾಗಿ ಬರೆಯುತ್ತಿದ್ದೇನೆ. ಅಂಗುಳದಲ್ಲಿ ನಾಲಿಗೆಗೆ ಮೆತ್ತಗಿನ ಸಣ್ಣ ಉಬ್ಬು ಸಿಗುತ್ತದೆ, ನೀವು ಹೇಳಿದ ಮೇಲೆಯೇ ನನಗದು ಗೊತ್ತಾದದ್ದು.

ಎರಡನೆಯ ವೈದ್ಯರ ಬಳಿಗೇ ಮತ್ತೆ ಹೋಗಿ ಜೀವ ಪರೀಕ್ಷೆ ಮಾಡಿರೆಂದು ಕೇಳಿದೆ. ಎಡಗಡೆಯ ಹಲ್ಲಿಗೆ ತಣ್ಣನೆಯ ಹತ್ತಿ ಇಟ್ಟ ಕೂಡಲೇ ಕುರ್ಚಿಯಿಂದ ಎದ್ದುಬಿಟ್ಟೆ. ಬೂದುಬಣ್ಣದ ಹಲ್ಲಿಗೆ ಇಟ್ಟಾಗ ಗೋಡೆಗೆ ಇಟ್ಟಂತೆ, ಏನೂ ಇಲ್ಲ. ಕಪ್ಪು ಕಲೆ ಆವರಿಸಿದಂತೆ ಕಾಣುತ್ತಿದ್ದ ನಡುವಿನ ಹಲ್ಲೂ ಕೋರೆಹಲ್ಲೂ ಸರಿಯಾಗಿ ಸ್ಪಂದಿಸಿದವು. ಆದ್ದರಿಂದ ಅವುಗಳ ತಂಟೆಗೆ ಹೋಗುವುದಿಲ್ಲ ಎಂದರು. ಮರುವಾರ ರೂಟ್ ಕೆನಾಲ್ ಆರಂಭಿಸಿದರು. ಹಲ್ಲನ್ನು ಹಿಂದಿನಿಂದ ತೆರೆದು ಸೂಜಿಯಂತಹ ಫೈಲನ್ನು ತುದಿಯವರೆಗೆ ಇಳಿಸಿ ತೆಗೆದಾಗ, ಒಳಗಿನಿಂದ ತಿಳಿಯಾದ ಹುಲ್ಲುಬಣ್ಣದ ದ್ರವ ತಾನಾಗಿಯೇ ಉಕ್ಕಿ ಬಂದಿತು. ವೈದ್ಯರು ಒಂದು ಹನಿಯನ್ನು ಗಾಜಿನ ಮೇಲೆ ಇಟ್ಟು ದೀಪದ ಕೆಳಗೆ ಓರೆಯಾಗಿ ಹಿಡಿದು ತೋರಿಸಿದರು. ಎಣ್ಣೆಯ ಮೇಲೆ ಅಭ್ರಕದ ಪುಡಿ ಉದುರಿಸಿದ ಹಾಗೆ ಅದರಲ್ಲಿ ಕಣಗಳು ಮಿನುಗುತ್ತಿದ್ದವು. ಕೊಲೆಸ್ಟರಾಲ್ ಹರಳುಗಳಿರಬೇಕು, ಇದು ಸಿಸ್ಟ್ ಎಂಬ ಊಹೆಗೆ ಬಲ ಬಂದಿತು, ಆದರೂ ಕತ್ತಿಗೆ ಅವಸರವಿಲ್ಲ ಎಂದರು. ದ್ರವ ನಿಲ್ಲಲು ಇಪ್ಪತ್ತು ನಿಮಿಷ ಕಾದು, ತೊಳೆದು, ಬಿಳಿಯ ಪೇಸ್ಟ್ ತುಂಬಿ ಮುಚ್ಚಿದ್ದಾರೆ. ಮೂರು ವಾರಗಳ ನಂತರ ತೆರೆದಾಗ ಕಾಲುವೆ ಒಣಗಿತ್ತು, ಗಟ್ಟಾ ಪರ್ಚಾ ತುಂಬಿಸಿಕೊಂಡದ್ದು ಕಳೆದ ಶನಿವಾರ.

ಆರು ತಿಂಗಳ ಎಕ್ಸ್‌ರೇಗೆ ಹೋಲಿಸಲು ಹಳೆಯ ಚಿತ್ರದ ಮೊಬೈಲ್ ಫೋಟೊ ನನ್ನಲ್ಲಿದೆ, ಸಾಕಾಗುವುದೇ?

ಬೇರು ವೈದ್ಯ, ಬೆಳಗಾವಿ

ಸಾಲದು. ಓರೆಯಾಗಿ ಹಿಡಿದು ತೆಗೆದ ಫೋಟೊದಲ್ಲಿ 12 ಮಿಲಿಮೀಟರ್ 10 ಆಗಿಯೂ ಕಾಣಬಹುದು, ನೀವು ಸುಳ್ಳು ಸಂತೋಷ ಪಡುತ್ತೀರಿ. ಮೂಲ ಫೈಲನ್ನೇ ಕೇಳಿ ಪಡೆಯಿರಿ. ಮುಂದಿನ ಚಿತ್ರವನ್ನು ಫಿಲ್ಮ್ ಹಿಡಿಯುವ ಹೋಲ್ಡರ್ ಬಳಸಿ ಅದೇ ಕೋನದಲ್ಲಿ ತೆಗೆಯುವಂತೆ ಹೇಳಿ, ತೆಗೆದ ದಿನಾಂಕವನ್ನು ಅದರ ಮೇಲೆ ಬರೆಸಿ. ಅಂಗುಳದ ಉಬ್ಬನ್ನು ವಾರಕ್ಕೊಮ್ಮೆ ನಾಲಿಗೆಯಿಂದ ಮುಟ್ಟಿ ನೋಡುತ್ತಿರಿ, ದೊಡ್ಡದಾದರೆ ಆರು ತಿಂಗಳು ಕಾಯಬೇಡಿ.